ಎರಡನೇ ಸಲದ ಐದು

ಹೊಲಿಗೆಯಮ್ಮನಿಗೆ ನೀರೆಂದರೆ ಆಗದು. ಕುಡಿಯುವ ನೀರು, ಬಟ್ಟೆ ಒಗೆಯುವ ನೀರು ಪರವಾಗಿಲ್ಲ. ಕಾಲಿಗೆ ತಳ ಸಿಗದ ನೀರಿನ ಹತ್ತಿರ ಹೋದರೆ ಸಾಕು, ಮೊಣಕಾಲು ತನ್ನಷ್ಟಕ್ಕೆ ನಡುಗಲು ಶುರುವಾಗುತ್ತದೆ. ಅಂಥ ಹೆಂಗಸು ಆ ಬೆಳಿಗ್ಗೆ ದೊಡ್ಡ ಈಜುಕೊಳದ ಅಂಚಿನಲ್ಲಿ, ನಾಲ್ಕನೇ ಲೇನಿನ ತುದಿಗೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ತೊಡೆಯ ಮೇಲೆ ನಂಬರ್ ಬೋರ್ಡು ಇಟ್ಟುಕೊಂಡು ಕೂತಿದ್ದಳು. ಸೊಸೆಗೋಸ್ಕರ. ಅದೂ ಮೂರು ದಿನದಿಂದ ತನ್ನ ಜೊತೆ ಮಾತು ಬಿಟ್ಟಿದ್ದ ಸೊಸೆಗೋಸ್ಕರ.

ಸಾವಿರದೈನೂರು ಮೀಟರಿನ ಫ್ರೀಸ್ಟೈಲ್ ಎಂದರೆ ಈ ಗೋಡೆಯಿಂದ ಆ ಗೋಡೆಗೆ ಮೂವತ್ತು ಸಲ ಈಜುವುದು. ಒಂದೊಂದು ಸಲಕ್ಕೂ ಒಂದು ಲೆಂಗ್ತ್ ಎನ್ನುತ್ತಾರೆ. ಮುಖ ನೀರೊಳಗೆ, ಕಿವಿ ಟೋಪಿಯೊಳಗೆ. ಹತ್ತು ಲೆಂಗ್ತ್ ಆಗುವಷ್ಟರಲ್ಲಿ ಎಂಥ ಗಟ್ಟಿ ಈಜುಗಾರ್ತಿಗೂ ತಾನು ಎಷ್ಟನೆಯದರಲ್ಲಿದ್ದೇನೆಂಬುದು ಮರೆತುಹೋಗಿರುತ್ತದೆ. ಅದಕ್ಕೇ ಆಚೆ ತುದಿಯಲ್ಲಿ ಲೇನಿಗೊಬ್ಬರು ಕೂತು, ಇನ್ನೆಷ್ಟು ಉಳಿದಿವೆ ಎಂಬ ನಂಬರನ್ನು ನೀರೊಳಗೆ ಅದ್ದಿ ತೋರಿಸಬೇಕು. ಆ ತುದಿಗೆ ಒಂದು ಬಿಟ್ಟು ಒಂದು ಸಲ ಬರುವುದರಿಂದ ನಂಬರು ಇಪ್ಪತ್ತೊಂಬತ್ತು, ಇಪ್ಪತ್ತೇಳು, ಇಪ್ಪತ್ತೈದು ಎಂದು ಇಳಿಯುತ್ತ ಒಂದಕ್ಕೆ ಬಂದು ನಿಲ್ಲುತ್ತದೆ. ಎರಡೇ ಉಳಿದಾಗ, ಹೊರಟ ತುದಿಯಲ್ಲಿ ಕೊನೇ ಗಂಟೆ ಹೊಡೆಯುತ್ತಾರೆ. ಬೋರ್ಡಿಗೆ ಉಂಗುರದಲ್ಲಿ ಪೋಣಿಸಿದ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಗೋಡೆಯ ಕ್ಯಾಲೆಂಡರಿನ ಹಾಗೆ ಒಂದೊಂದೇ ಮಗುಚುತ್ತ ಹೋಗುವುದು. ನಂಬರು ತೋರಿಸುವವರನ್ನು ಈಜುವವರೇ ಕರೆತರಬೇಕು, ತೋರಿಸಿದ್ದು ತಪ್ಪಾದರೆ ಈಜುವವರೇ ಅನುಭವಿಸಬೇಕು. ಅಲ್ಲಿ ದೂರು ಗೀರು ಏನೂ ನಡೆಯುವುದಿಲ್ಲ.

ನಂಬರಿನ ಜೊತೆಗೆ ಅತ್ತೆ ಸೊಸೆಯರ ನಡುವೆ ಒಂದು ಒಳಮಾತೂ ಇತ್ತು. ಬೋರ್ಡು ಅಲುಗದೆ ನಿಂತರೆ ಎಲ್ಲ ಸರಿಯಿದೆ. ಅಡ್ಡಡ್ಡ ಆಡಿದರೆ ಬೆನ್ನ ಹಿಂದೆ ಯಾರೋ ಬರುತ್ತಿದ್ದಾರೆ. ಮೇಲೆ ಕೆಳಗೆ ಕುಣಿದರೆ, ನುಗ್ಗು.

ಕೊಳದ ಮಂದಿ ಸೊಸೆಗಿಟ್ಟ ಹೆಸರು ‘ಗಡಿಯಾರ’. ಹದಿನೇಳಕ್ಕೆ ಎಂಟುನೂರು ಮೀಟರಿನಲ್ಲಿ ದೇಶಕ್ಕೇ ಮೊದಲು, ಹತ್ತೊಂಬತ್ತಕ್ಕೆ ಸಾವಿರದೈನೂರರಲ್ಲಿ ದಾಖಲೆ. ಅಲ್ಲಿಂದ ಆರು ವರ್ಷ ಅವಳನ್ನು ಹಿಂದೆ ಹಾಕಿದವರಿಲ್ಲ. ಮಿಕ್ಕವರು ಮೊದಲಿಗೆ ಹಾರಾಡಿ ಕೊನೆಗೆ ಏದುಸಿರು ಬಿಡುತ್ತಿದ್ದರೆ, ಇವಳು ಮೂರನೇ ಲೆಂಗ್ತಿಗೂ ಇಪ್ಪತ್ತಮೂರನೆಯದಕ್ಕೂ ರೆಪ್ಪೆ ಬಡಿಯುವಷ್ಟು ವ್ಯತ್ಯಾಸವಿಲ್ಲದೆ ಈಜುತ್ತಿದ್ದಳು. ಐದು ಉಳಿದಿವೆ ಎಂದಾಗ ಮಾತ್ರ ಕಾಲಿಗೆ ಬೆಂಕಿ ಬಿದ್ದವಳಂತೆ ಹೊರಡುವಳು. ಐದಕ್ಕೆ ಮುಂಚೆ ಹೊರಟರೆ ದಾರಿಯಲ್ಲೇ ಎಣ್ಣೆ ಮುಗಿಯುತ್ತದೆ, ಆಮೇಲೆ ಹೊರಟರೆ ಉಳಿದ ಎಣ್ಣೆ ಯಾರ ದೀಪಕ್ಕೆ ಎಂಬುದು ಅವಳ ಲೆಕ್ಕ. ಅಷ್ಟು ಹೊತ್ತಿಗೆ ಬಲಭುಜ ಕೈಕೊಟ್ಟಿತು. ಆಪರೇಷನ್ನು, ಎರಡು ವರ್ಷ ಮನೆವಾಸ, ಆ ನಡುವೆಯೇ ಮದುವೆ. ‘ಗಡಿಯಾರ ನಿಂತಿತು’ ಎಂದು ಪತ್ರಿಕೆಯವರು ಬರೆದು ಕೈತೊಳೆದುಕೊಂಡರು. ಹಟಮಾರಿ ಹುಡುಗಿ, ಮತ್ತೆ ನೀರಿಗಿಳಿದಳು. ಈಗ ಮೂವತ್ತು ವಯಸ್ಸು. ಈ ಬೆಳಿಗ್ಗೆ ಮೊದಲು ಗೋಡೆ ಮುಟ್ಟಿದವಳೊಬ್ಬಳಿಗೇ ಜಗತ್ತಿನ ಪಂದ್ಯಕ್ಕೆ ಟಿಕೆಟ್ಟು, ಎರಡನೆಯವಳಿಗೆ ಬರೀ ಚಪ್ಪಾಳೆ. ಈ ಭುಜ ಇನ್ನೊಂದು ವರ್ಷ ತಾಳುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರು. ಅಂದರೆ ಇದೇ ಕೊನೆಯದು.

ಹೊಲಿಗೆಯಮ್ಮ ಈ ಕುರ್ಚಿಗೆ ಬಂದದ್ದೂ ಆ ಭುಜದಿಂದಲೇ. ಮಗ ದೂರದ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಆಪರೇಷನ್ ಆದ ಸೊಸೆಯ ಚೀಲ ಹೊರಲು ಯಾರಾದರೂ ಬೇಕಲ್ಲ ಎಂದು ಅತ್ತೆ ಹೊಲಿಗೆ ಮಿಷನ್ ಮುಚ್ಚಿಟ್ಟು ಜೊತೆಗೆ ಹೊರಟಳು. ಅದಕ್ಕೆ ಮುಂಚೆ ಆಕೆಗೆ ಈಜೆಂದರೆ ತಮಾಷೆ. ‘ಅಲ್ಲ ಕಣೇ, ಆ ಗೋಡೆಗೆ ಹೋಗಿ ಮತ್ತೆ ಈ ಗೋಡೆಗೇ ಬರೋದಕ್ಕೆ ಇಷ್ಟು ಒದ್ದಾಟವಾ? ಹೋಗದೇ ಇದ್ದಿದ್ರೆ ಇಲ್ಲೇ ಇರ್ತಿದ್ದೆಯಲ್ಲ!’ ಎಂದು ಮದುವೆಯಾದ ಹೊಸದರಲ್ಲಿ ಕೇಳಿದವಳು ಆಕೆ. ಒಂದು ದಿನ ಬೋರ್ಡು ಹಿಡಿಯುವವನು ಬರಲಿಲ್ಲ. ಕೋಚು ಸುತ್ತ ನೋಡಿ, ಸುಮ್ಮನೆ ಕೂತಿದ್ದ ಈಕೆಯ ಕೈಗೇ ಅದನ್ನು ಕೊಟ್ಟರು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಮೂರು ವರ್ಷವಾಯಿತು, ಈಗ ಆಕೆಗೆ ಸೊಸೆ ತಿರುಗುವ ಸದ್ದು ನಿದ್ದೆಯಲ್ಲೂ ಕೇಳಿಸುತ್ತದೆ. ಗಿರಾಕಿಗಳ ಅಂಗಿಗೆ ಗುಂಡಿ ಹಾಕುವಾಗಲೂ ಬಾಯಿ ಇಪ್ಪತ್ತೊಂಬತ್ತು, ಇಪ್ಪತ್ತೇಳು ಅನ್ನುತ್ತಿರುತ್ತದೆ.

ಇಷ್ಟೆಲ್ಲ ಇದ್ದೂ ಮೂರು ದಿನದ ಹಿಂದೆ ನಾಲಿಗೆ ಜಾರಿತು.

ಅಳತೆ ಕೊಡಲು ಬಂದ ಗಿರಾಕಿಯೊಬ್ಬಳು ‘ಸೊಸೆ ಕಡೆಯಿಂದ ಇನ್ನೂ ಸಿಹಿಸುದ್ದಿ ಇಲ್ವಾ?’ ಎಂದು ಕೆಣಕಿದಳು. ಹೊಲಿಗೆಯಮ್ಮ ಟೇಪು ಕುತ್ತಿಗೆಗೆ ಹಾಕಿಕೊಂಡು, ಆಕೆಯನ್ನು ನಗಿಸಬೇಕೆಂಬ ಚಪಲಕ್ಕೆ, ‘ಈ ಸಲ ಸೋತ್ಲು ಅಂದ್ರೆ ತೊಟ್ಟಿಲು ಬಂತು ಅಂತಲೇ ತಿಳ್ಕೊಳಿ. ಸೋಲ್ಲಿ ಅಂತ ಹರಕೆ ಹೊರಬೇಕಷ್ಟೇ!’ ಎಂದುಬಿಟ್ಟಳು. ಗಿರಾಕಿ ನಕ್ಕಳು. ಬಾಗಿಲಲ್ಲಿ ಒದ್ದೆ ಚೀಲ ಹಿಡಿದು ನಿಂತಿದ್ದ ಸೊಸೆ ನಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ‘ತಮಾಷೆಗಂದೆ ಕಣೇ’ ಎನ್ನಲು ಹೊಲಿಗೆಯಮ್ಮ ಮೂರು ದಿನದಲ್ಲಿ ಮೂವತ್ತು ಸಲ ಬಾಯಿ ತೆರೆದಳು. ಪ್ರತಿ ಸಲವೂ ಅತ್ತೆಯೆಂಬ ಜಂಬ ಗಂಟಲಲ್ಲಿ ಅಡ್ಡ ನಿಂತಿತು. ಆ ಗಿರಾಕಿಯೋ, ಇಡೀ ಬೀದಿಗೆ ಸುದ್ದಿ ಹಂಚಿ ಪುಣ್ಯ ಕಟ್ಟಿಕೊಂಡಿದ್ದಳು. ಹಾಗಾಗಿ ಪಂದ್ಯದ ಬೆಳಿಗ್ಗೆ ಕೋಚು ಬಂದು, ‘ಅಮ್ಮ, ಇವತ್ತು ನೀವು ಮೇಲೆ ಕೂತು ನೋಡಿ. ಬೋರ್ಡಿಗೆ ನಮ್ಮ ಕಡೆಯವರೊಬ್ಬರನ್ನ ಕೂರಿಸ್ತೀನಿ’ ಎಂದಾಗ ಯಾಕೆಂದು ಕೇಳುವ ಅಗತ್ಯ ಬೀಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಆಕೆಯ ಮುಖ ಕೆಂಪಾಯಿತು.

ಸೊಸೆ ಈಜುಗನ್ನಡಕ ಒರೆಸುತ್ತ, ಯಾರ ಮುಖವನ್ನೂ ನೋಡದೆ, ‘ಬೇಡ ಸರ್. ಅವರೇ ಕೂತ್ಕೊಳ್ಲಿ’ ಎಂದಳು.

ಅವರೇ! ಅತ್ತೆ ಎನ್ನಲಿಲ್ಲ. ಆ ಒಂದು ಮಾತು ಹೊಲಿಗೆಯಮ್ಮನ ಎದೆಗೆ ಗುಂಡುಸೂಜಿಯಂತೆ ಚುಚ್ಚಿತು. ಆದರೂ ಬೋರ್ಡು ಕೊಟ್ಟಳಲ್ಲ, ನಂಬಿದಳಲ್ಲ! ಇವತ್ತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸುತ್ತೇನೆ, ಒಂದು ಹಾಳೆಯೂ ತಪ್ಪುವುದಿಲ್ಲ, ಇವಳು ಗೆದ್ದು ಬರಲಿ, ಆಮೇಲೆ ಜಂಬ ಎಲ್ಲ ಪಕ್ಕಕ್ಕಿಟ್ಟು ಕ್ಷಮಿಸು ಎನ್ನುತ್ತೇನೆ ಎಂದು ಆಕೆ ತನಗೆ ತಾನೇ ಆಣೆ ಹಾಕಿಕೊಂಡಳು.

ಸೀಟಿ ಊದಿದರು. ಎಂಟು ಜನ ನೀರಿಗೆ ಬಿದ್ದರು.

ಐದನೇ ಲೇನಿನಲ್ಲಿದ್ದದ್ದು ಹದಿನಾರರ ಹುಡುಗಿ, ಎಲ್ಲರ ಬಾಯಲ್ಲೂ ‘ಮೀನುಮರಿ’. ಹೆಸರಿಗೆ ಮರಿ, ನೀರಿಗೆ ಬಿದ್ದರೆ ಯಾರ ಮಾತೂ ಕೇಳದ ಪ್ರಾಣಿ. ಮೊದಲ ಲೆಂಗ್ತಿಗೇ ಒಂದು ಆಳುದ್ದ ಮುಂದೆ ಹೋಗಿಬಿಟ್ಟಳು. ಅವಳ ಬೋರ್ಡು ಹಿಡಿದವನು ಅವಳ ಸೋದರಮಾವ, ಚೂಯಿಂಗಮ್ ಜಗಿಯುತ್ತ ಹೊಲಿಗೆಯಮ್ಮನ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಹೊಲಿಗೆಯಮ್ಮ ಆ ಕಡೆ ತಲೆ ಹಾಕಲಿಲ್ಲ. ಬೋರ್ಡು ಅದ್ದು, ತೆಗೆ, ಬಟ್ಟೆಯಿಂದ ಒರೆಸು, ಹಾಳೆ ಮಗುಚು. ಹಾಳೆ ಒದ್ದೆಯಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒರೆಸದೆ ಮಗುಚಬಾರದೆಂದು ಕೋಚು ಮೊದಲ ದಿನವೇ ಹೇಳಿಕೊಟ್ಟಿದ್ದರು, ಮೂರು ವರ್ಷ ಆಕೆ ಒಂದು ಸಲವೂ ತಪ್ಪಿರಲಿಲ್ಲ.

ಹತ್ತೊಂಬತ್ತು. ಹದಿನೇಳು. ಹದಿನೈದು. ಸೊಸೆ ಅದೇ ನಡೆ, ಅದೇ ಉಸಿರು. ಮೀನುಮರಿ ಇನ್ನೂ ಮುಂದೆಯೇ ಇದ್ದಳು, ಆದರೆ ಕಾಲು ಸೋಲುತ್ತಿತ್ತು. ಹದಿಮೂರು ಎನ್ನುವಾಗ ಸೊಸೆಯ ತಲೆ ಅವಳ ಪಾದದ ಹತ್ತಿರ, ಹನ್ನೊಂದಕ್ಕೆ ಮೊಣಕಾಲಿನ ಹತ್ತಿರ. ಒಂಬತ್ತು ತೋರಿಸಿ ಬೋರ್ಡು ಮೇಲೆತ್ತುವಾಗ ಹೊಲಿಗೆಯಮ್ಮನಿಗೆ ಕಂಡದ್ದೇನು? ಸೊಸೆಯ ತಲೆ ಮೀನುಮರಿಯ ಸೊಂಟಕ್ಕೆ ಬಂದಿತ್ತು.

ಆಕೆಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದೇ ಬಿಟ್ಟಳು. ‘ಹಾಗೇ ಬಾರೇ! ಹಾಗೇ ಬಾ ನನ್ನವ್ವ! ಬಿಡಬೇಡ!’ ಎಂದು ಬೋರ್ಡು ಬಗಲಿಗಿಟ್ಟುಕೊಂಡು ಗಂಟಲು ಹರಿಯುವಂತೆ ಕೂಗಿದಳು. ಸೊಸೆ ಆಚೆ ಗೋಡೆ ಮುಟ್ಟಿ ವಾಪಸ್ ಹೊರಟಾಗಲೂ ಕೂಗುತ್ತಲೇ ಇದ್ದಳು. ಇನ್ನೇನು ಬಂದೇಬಿಟ್ಟಳು ಎನ್ನುವಾಗ ಗಡಬಡಿಸಿ ಹಾಳೆ ಮಗುಚಿ, ಬೋರ್ಡನ್ನು ನೀರಿಗೆ ಅದ್ದಿದಳು. ಸೊಸೆ ಲಾಗ ಹಾಕಿ ತಿರುಗಿ ಗೋಡೆ ಒದ್ದು ಹೊರಟಳು.

ಹೊರಟ ರೀತಿಯೇ ಬೇರೆಯಾಗಿತ್ತು. ನೀರು ಕುದಿಯುವಂತೆ ಕಾಲು ಬಡಿಯುತ್ತಿದ್ದವು. ಇದು ಐದಕ್ಕೆ ಹೊರಡುವ ರೀತಿ. ಈಗ ಏಳಲ್ಲವೇ?

‘ಅಮ್ಮಾ, ನಿಮ್ಮ ಬೋರ್ಡು ನೋಡಿ’ ಎಂದ ಸೋದರಮಾವ.

ನಂಬರಿನ ಮುಖ ನೀರಿನ ಕಡೆಗಿರುತ್ತದೆ, ಹಿಡಿದವರಿಗೆ ಕಾಣುವುದಿಲ್ಲ. ಆಕೆ ಬೋರ್ಡು ತಿರುಗಿಸಿದಳು. ಐದು. ಒಂಬತ್ತರ ಹಾಳೆಯೂ ಏಳರ ಹಾಳೆಯೂ ಒದ್ದೆ ಮೈಗೆ ಒದ್ದೆ ಮೈ ಅಂಟಿಕೊಂಡು ಒಟ್ಟಿಗೇ ಮಗುಚಿಕೊಂಡಿದ್ದವು. ಒರೆಸುವ ಬಟ್ಟೆ ಕುರ್ಚಿಯ ಕೆಳಗೆ ಬಿದ್ದಿತ್ತು.

ಅಯ್ಯೋ, ಅಯ್ಯೋ ದೇವರೇ! ಏನು ಮಾಡಿಬಿಟ್ಟೆ ನಾನು! ತಲೆಯ ಮೇಲೆ ಚಪ್ಪಡಿ ಎಳೆದಂತಾಯಿತು. ಎರಡು ಲೆಂಗ್ತ್ ಮುಂಚೆಯೇ ಹುಡುಗಿ ಇದ್ದಬದ್ದ ಎಣ್ಣೆಯನ್ನೆಲ್ಲ ಸುಟ್ಟುಕೊಂಡು ಹೊರಟಿದ್ದಾಳೆ, ಅದೂ ಆ ಭುಜದಲ್ಲಿ. ಕೂಗಿ ಹೇಳೋಣವೆಂದರೆ ನೀರೊಳಗಿನ ಕಿವಿಗೆ ಕೇಳುವುದುಂಟೇ? ಆಚೆ ಗೋಡೆಗೆ ಹೋಗಿ ಅವಳು ಮತ್ತೆ ಇಲ್ಲಿಗೆ ಬರಲು ಒಂದು ನಿಮಿಷದ ಮೇಲೆ ಸ್ವಲ್ಪ ಹೊತ್ತು. ಆಗ ಏನು ತೋರಿಸಬೇಕು?

ಆಚೆ ದಡದಲ್ಲಿ ಕೋಚು ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದರು. ಪ್ರೇಕ್ಷಕರು ಎದ್ದು ನಿಂತಿದ್ದರು. ಗಡಿಯಾರ ಮೀನುಮರಿಯನ್ನು ದಾಟಿ, ಅರ್ಧ ಆಳು, ಒಂದು ಆಳು ಮುಂದೆ ಹೋಗುತ್ತಿದ್ದಳು. ಪಾಪ, ಮುಂದಿರುವ ಗುಂಡಿ ಅವಳಿಗೇನು ಗೊತ್ತು.

ಸೋದರಮಾವ ಪಕ್ಕಕ್ಕೆ ಬಾಗಿದ. ದನಿ ಮೆತ್ತಗಿತ್ತು. ‘ಗಾಬರಿ ಆಗ್ಬೇಡಿ ಅಮ್ಮ. ಈಗ ಮೂರು ತೋರಿಸಿ, ಲೆಕ್ಕ ಮುಂದುವರಿದ ಹಾಗಿರುತ್ತೆ. ಮತ್ತೆ ಐದು ತೋರಿಸಿದ್ರೆ ನೀರಲ್ಲೇ ಎದೆ ಒಡೆದು ಹೋಗುತ್ತೆ ಆ ಹುಡುಗಿಗೆ. ಕೊನೇ ಗಂಟೆ ಹೊಡೆದಾಗ ಅವಳಿಗೇ ಗೊತ್ತಾಗುತ್ತೆ ಬಿಡಿ.’

ಅವನಿಗೆ ಮೀನುಮರಿ ಗೆಲ್ಲಬೇಕಾಗಿತ್ತೋ, ನಿಜವಾಗಿ ಕನಿಕರವೋ, ದೇವರೇ ಬಲ್ಲ. ಆದರೆ ಮಾತು ಹೊಲಿಗೆಯಮ್ಮನ ಕಿವಿಯಲ್ಲಿ ಕೂತಿತು. ಐದು ತೋರಿಸಿದರೆ ಸೊಸೆಗೆ ಆ ಗಳಿಗೆಯಲ್ಲೇ ಗೊತ್ತಾಗುತ್ತದೆ, ಅತ್ತೆ ಕೈಯಾರೆ ಕೆಡಿಸಿದಳು ಎಂದು. ಸೋಲಲಿ ಎಂದು ಹರಕೆ ಹೊರುತ್ತೇನೆ ಎಂದವಳ ಕೈ ಅದು, ಅಂಟಿಕೊಂಡ ಹಾಳೆಯ ಕತೆಯನ್ನು ಯಾವ ದೇವರು ನಂಬಿಯಾನು? ಇನ್ನೊಂದು ದಾರಿಯೂ ಹೊಳೆಯಿತು. ಬೋರ್ಡನ್ನು ನೀರಿಗೆ ಬಿಟ್ಟುಬಿಡುವುದು. ಕೈಜಾರಿತು, ಮುದುಕಿಯ ಕೈ, ಏನು ಮಾಡೋಣ ಎಂದರೆ ಯಾರೂ ಬಾಯಿ ತೆರೆಯುವಂತಿಲ್ಲ. ಸೊಸೆಗೆ ನಂಬರೂ ಇಲ್ಲ, ಅನುಮಾನವೂ ಇಲ್ಲ.

ಇವೆಲ್ಲಕ್ಕಿಂತ ಕೆಟ್ಟದಾದ ಪ್ರಶ್ನೆ ಒಂದು ಹೊಟ್ಟೆಯೊಳಗಿಂದ ಎದ್ದಿತು. ನಾಲಿಗೆ ಆಡಿದ್ದನ್ನೇ ಕೈ ಮಾಡಿತೇ? ತೊಟ್ಟಿಲಿನ ಆಸೆ ನನಗಿಲ್ಲವೇ? ಇದೆ. ಸುಳ್ಳೇಕೆ, ಬೇಕಾದಷ್ಟಿದೆ. ನೆರೆಮನೆಯ ಕೂಸು ಅತ್ತರೆ ನನ್ನ ಹೊಲಿಗೆ ಮಿಷನ್ ನಿಲ್ಲುತ್ತದೆ. ಹಾಗಾದರೆ ಬಟ್ಟೆ ತಾನಾಗಿ ಬಿತ್ತೇ, ನಾನು ಬೀಳಿಸಿದೆನೇ? ಸೊಸೆ ಆಚೆ ಗೋಡೆ ಒದ್ದು ಈ ಕಡೆ ಹೊರಟಾಗಿತ್ತು. ಬಲಗೈ ನೀರಿನಿಂದ ಏಳುವಾಗ ಆಗಲೇ ಸ್ವಲ್ಪ ಓರೆಯಾಗುತ್ತಿತ್ತು.

ಆ ಓರೆ ಕೈಯನ್ನು ನೋಡಿದ್ದೇ ಆಕೆಗೆ ಬುದ್ಧಿ ನೆಟ್ಟಗಾಯಿತು. ಆ ಕೈಯ ತೂಕ ಆಕೆಗೆ ಗೊತ್ತು. ಆಪರೇಷನ್ನಿನ ಮೇಲೆ ತಿಂಗಳುಗಟ್ಟಲೆ ಅದಕ್ಕೆ ಅಂಗಿಯ ತೋಳು ತೊಡಿಸಿ, ಗುಂಡಿ ಹಾಕಿದವಳು ಆಕೆಯೇ. ಮೂರು ಎಂದು ನಂಬಿಸಿದರೆ ಆಚೆ ಗೋಡೆಯಲ್ಲಿ ಕೊನೇ ಗಂಟೆ ಕೇಳಬೇಕು. ಗಂಟೆ ಹೊಡೆಯುವುದಿಲ್ಲ. ಆಗ ಹುಡುಗಿ ಬೋರ್ಡನ್ನು ನಂಬಲೋ ಗಂಟೆಯನ್ನು ನಂಬಲೋ ತಿಳಿಯದೆ ನಡುನೀರಿನಲ್ಲಿ ಒಬ್ಬಳೇ ಆಗಿಬಿಡುತ್ತಾಳೆ. ‘ನನ್ನ ಮೇಲೆ ಮಣ್ಣು ಬೀಳ್ಲಿ, ಅವಳಿಗೆ ಮಾತ್ರ ಸುಳ್ಳು ಹೇಳಲ್ಲ’ ಎಂದು ಜೋರಾಗಿಯೇ ಅಂದಳು.

ಹಾಳೆ ಮಗುಚುವ ಕೆಲಸವೂ ಇರಲಿಲ್ಲ, ಐದು ಆಗಲೇ ಮೇಲಿತ್ತು. ಆಕೆ ಕುರ್ಚಿ ಬಿಟ್ಟು ಒದ್ದೆ ನೆಲದ ಮೇಲೆ ಮಂಡಿಯೂರಿ, ಒಂದು ಕೈಯಲ್ಲಿ ಅಂಚು ಹಿಡಿದು, ಇನ್ನೊಂದು ಕೈಯನ್ನು ಭುಜದವರೆಗೂ ನೀರೊಳಗೆ ಇಳಿಸಿದಳು. ಮುಖಕ್ಕೆ ನೀರು ರಾಚಿತು. ಕೆಳಗೆ ನೀಲಿ ಆಳ ಬಾಯಿ ತೆರೆದುಕೊಂಡಿತ್ತು, ನೋಡಲಿಲ್ಲ. ಬೋರ್ಡನ್ನು ಅಲುಗದಂತೆ ಹಿಡಿದಳು.

ಸೊಸೆ ಬಂದಳು. ಲಾಗಕ್ಕೆ ಮುಂಚೆ ಕನ್ನಡಕದ ಹಿಂದಿನ ಎರಡು ಕಣ್ಣು ಬೋರ್ಡಿನ ಮೇಲೆ ಬಿದ್ದವು, ಅಲ್ಲಿಂದ ಅತ್ತೆಯ ಮುಖಕ್ಕೆ ಏರಿದವು. ತಿರುಗಿದ ಮೇಲೆ ಗೋಡೆಗೆ ಊರಿದ ಪಾದಗಳು ಒಂದು ಗಳಿಗೆ ಹೆಚ್ಚೇ ಅಲ್ಲಿದ್ದವು. ನಿಂತೇಬಿಟ್ಟಳು ಎಂದುಕೊಂಡಳು ಹೊಲಿಗೆಯಮ್ಮ. ಆಗ ಪಾದಗಳು ಗೋಡೆಯನ್ನು ಒದ್ದವು.

ಆಮೇಲಿನದು ನೋಡುವಂತಿರಲಿಲ್ಲ. ಹೋಗುತ್ತ ಅವಳು ಕಾಲಿನ ಬಡಿತ ತಗ್ಗಿಸಿ ಹಳೆಯ ನಡೆಗೆ ಮರಳಲು ನೋಡಿದಳು. ಮೈಯಲ್ಲಿ ನಡೆ ಉಳಿದಿದ್ದರೆ ತಾನೇ? ಒಂದು ಆಳಿನ ಅಂತರ ಅರ್ಧವಾಯಿತು. ಮೂರಕ್ಕೆ ಬಂದಾಗ ಮೀನುಮರಿ ಅವಳ ಮೊಣಕಾಲಿನ ಪಕ್ಕದಲ್ಲಿದ್ದಳು. ಹೊಲಿಗೆಯಮ್ಮ ಬೋರ್ಡನ್ನು ಅಡ್ಡಡ್ಡ ಆಡಿಸಿದಳು, ಮೇಲೆ ಕೆಳಗೆ ಕುಣಿಸಿದಳು, ‘ನುಗ್ಗೇ, ನುಗ್ಗೇ’ ಎಂದು ಅಳುತ್ತಲೇ ಕೂಗಿದಳು. ಆಚೆ ಗೋಡೆಯಲ್ಲಿ ಗಂಟೆ ಹೊಡೆಯಿತು. ಒಂದು ತೋರಿಸುವಾಗ ಇಬ್ಬರ ತಲೆಯೂ ಸಮಸಮ. ಈಗ ಸೊಸೆಯ ಬಲಗೈ ನೀರನ್ನು ಎಳೆಯುತ್ತಿರಲಿಲ್ಲ, ಸುಮ್ಮನೆ ಹೋಗಿ ಬೀಳುತ್ತಿತ್ತು. ಎಡಗೈಯೊಂದರಲ್ಲೇ ಅವಳು ಆ ಹದಿನಾರರ ಹುಡುಗಿಯನ್ನು ಕೊನೆಯ ಲೆಂಗ್ತಿನ ಉದ್ದಕ್ಕೂ ಬಿಡದೆ ಹಿಡಿದಳು.

ದೂರದ ಗೋಡೆಯಲ್ಲಿ ಯಾರು ಮೊದಲು ಮುಟ್ಟಿದರೆಂದು ಇಲ್ಲಿಂದ ಕಾಣಲಿಲ್ಲ. ಮೇಲಿನ ದೊಡ್ಡ ಪರದೆಯಲ್ಲಿ ಅಕ್ಷರ ಮೂಡಿತು. ಐದನೇ ಲೇನು ಮೊದಲು. ನಾಲ್ಕನೇ ಲೇನು ಎರಡು. ನಡುವೆ ಒಂದು ಬೆರಳಿನಷ್ಟು ಅಂತರ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಲಿಗೆಯಮ್ಮ ಮಂಡಿಯೂರಿದಲ್ಲೇ ಬೋರ್ಡನ್ನು ನೀರಿನಿಂದ ಎತ್ತಿ ಪಕ್ಕಕ್ಕಿಟ್ಟಳು. ಸೋದರಮಾವ ಬೋರ್ಡು ಬಿಸಾಡಿ ಕುಣಿಯುತ್ತ ಓಡಿದ. ಆ ಕಡೆಯಿಂದ ಕೋಚು ದಾಪುಗಾಲು ಹಾಕುತ್ತ ಬಂದರು.

‘ಏನಮ್ಮ ಮಾಡಿದ್ರಿ? ಏಳಕ್ಕೆ ಐದು ತೋರಿಸ್ತಾರಾ?’

‘ಹಾಳೆ ಅಂಟ್ಕೊಂಡಿತ್ತಪ್ಪ.’

‘ಅಂಟ್ಕೊಂಡಿತ್ತಾ! ಮೂರು ವರ್ಷ ಅಂಟದೆ ಇದ್ದಿದ್ದು ಇವತ್ತೇ ಅಂಟ್ಕೊಂಡಿತಾ? ತೊಟ್ಟಿಲು ಕಟ್ಟೋಕೆ ಅಷ್ಟು ಆತುರ ಇದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು, ಹೀಗೆ ಹುಡುಗಿ ಬಾಳು ಹಾಳು ಮಾಡೋದಾ?’

ಸುತ್ತ ಜನ ಸೇರಿದ್ದರು. ಹೊಲಿಗೆಯಮ್ಮ ತಲೆಯೆತ್ತಲಿಲ್ಲ. ಏನು ಹೇಳಿದರೂ ಸುಳ್ಳಿನ ಹಾಗೆಯೇ ಕೇಳುತ್ತದೆಂದು ಆಕೆಗೆ ಗೊತ್ತಿತ್ತು. ಒದ್ದೆ ಪಾದಗಳು ಬಂದು ಮುಂದೆ ನಿಂತವು. ಸೊಸೆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ತುಟಿ ನೀಲಿಯಾಗಿತ್ತು, ಉಸಿರು ಇನ್ನೂ ಕೂಡಿಕೊಂಡಿರಲಿಲ್ಲ.

‘ಸರ್, ಇವರನ್ನ ಬೈಬೇಡಿ’ ಎಂದಳು.

‘ನಿನಗೆ ಗೊತ್ತಿಲ್ಲಮ್ಮ, ಬೇಕು ಅಂತಲೇ...’

‘ನನಗೆ ಗೊತ್ತು ಸರ್. ಮೊದಲನೇ ಸಲ ತಪ್ಪು ತೋರಿಸಿದ್ರು, ಅದು ತಪ್ಪೇ. ಆದ್ರೆ ಎರಡನೇ ಸಲ ಐದು ತೋರಿಸಿದ್ರಲ್ಲ? ನಾನು ಸೋಲ್ಬೇಕು ಅಂತಿದ್ರೆ ಮೂರು ತೋರಿಸ್ತಿದ್ರು, ಆಮೇಲೆ ಒಂದು ತೋರಿಸ್ತಿದ್ರು. ನಾನು ಎರಡು ಲೆಂಗ್ತ್ ಮುಂಚೆನೇ ಗೋಡೆ ಮುಟ್ಟಿ ನಿಂತಿರ್ತಿದ್ದೆ, ಊರೆಲ್ಲ ನಗ್ತಿತ್ತು. ತಪ್ಪಾಯ್ತು ಅಂತ ಇವರು ನೀರೊಳಗೇ ಕೈ ಹಾಕಿ ಹೇಳಿದ್ರು.’ ಅವಳ ದನಿ ಒಡೆಯಿತು. ‘ನೀರಿಗೆ ಬೆರಳು ಅದ್ದೋಕೂ ಹೆದರೋರು ಸರ್ ಇವರು.’

ಕೋಚು ಸುತ್ತಲಿನ ಜನರನ್ನು ದೂರ ಸರಿಸಿದರು.

ಮೂರು ದಿನದಿಂದ ಗಂಟಲಲ್ಲಿ ಅಡ್ಡ ನಿಂತದ್ದು ಹೊಲಿಗೆ ಬಿಚ್ಚಿಕೊಂಡು ಹೊರಬಂತು. ‘ನಾನು ಎದ್ದು ನಿಂತು ಕೂಗ್ತಿದ್ದೆ ಕಣೇ’ ಎಂದಳು ಹೊಲಿಗೆಯಮ್ಮ. ‘ನೀನು ಅವಳ ಸೊಂಟದ ಹತ್ರ ಬಂದುಬಿಟ್ಟೆಯಲ್ಲ, ಅದನ್ನ ನೋಡಿ ಕೂಗ್ತಿದ್ದೆ. ಒರೆಸೋದು ಮರೆತೆ. ಗೆಲ್ತೀಯ ಅಂತ ಖುಷಿಯಾಗಿ ಮರೆತೆ. ಅವತ್ತು ಆಡಬಾರದ ಮಾತು ಆಡಿದೆ, ಇವತ್ತು ಮಾಡಬಾರದ್ದು ಮಾಡಿದೆ. ನನ್ನ ಕ್ಷಮಿಸಿಬಿಡೇ.’

ಸೊಸೆ ಆ ಒದ್ದೆ ನೆಲದ ಮೇಲೆಯೇ ಕೂತಳು. ಇಷ್ಟು ಹೊತ್ತು ಹಿಡಿದಿಟ್ಟುಕೊಂಡದ್ದು ಈಗ ಬಂತು. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಹದಿಮೂರು ವರ್ಷದ ಬೆಳಗಿನ ಜಾವಗಳು, ಆ ಭುಜ, ಆ ಆಪರೇಷನ್ನು, ಎಲ್ಲ ಸೇರಿ ಅತ್ತಳು.

‘ಹೋಯ್ತು ಅತ್ತೆ. ಮುಗಿದೇ ಹೋಯ್ತು.’

‘ಹೌದು ಕಣೇ, ಹೋಯ್ತು. ನಾನೇ ಕಳೆದುಬಿಟ್ಟೆ’ ಎಂದು ಅತ್ತೆ ಅವಳನ್ನು ಎದೆಗೆಳೆದುಕೊಂಡಳು.

ಸೊಸೆ ಅಲ್ಲವೆನ್ನಲಿಲ್ಲ. ಅತ್ತೆಯ ಹೆಗಲ ಮೇಲಿಟ್ಟ ಮುಖವನ್ನು ತೆಗೆಯಲೂ ಇಲ್ಲ.